ಏಡಿಗಳು ಬೇಸಿಗೆ ಕಳೆಯುವ ಬಗೆ

ಕೆರೆ ಮರಾಮತ್ತಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ಆಗಾಗ ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಮೊದಲು ಕೇಳುವುದು ಭತ್ಯೆಯ ವಿಚಾರ, ಆಮೇಲೆ ಯಾವ ಮೇಲಧಿಕಾರಿಯ ಸ್ವಭಾವ ಹೇಗೆ ಎಂಬ ವಿಚಾರ. ಏರಿಯ ವಿಚಾರ ಕೇಳುವವರು ಕಡಿಮೆ. ಕೇಳಿದವರಿಗೆ ನಾನು ಏಡಿಯಿಂದ ಶುರುಮಾಡುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರಳು ಹಿಡಿಯಿತು ಎಂದುಕೊಂಡರೂ ನನಗೆ ಬೇಸರವಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಾನು ಕಾಲು ಸವೆಸಿದ ವರ್ಷಗಳಲ್ಲಿ ಗುತ್ತಿಗೆದಾರರು ಕೆಡಿಸಿದ ಏರಿಗಳಿಗಿಂತ ಏಡಿಗಳು ಕೆಡಿಸಿದ ಏರಿಗಳನ್ನೇ ಹೆಚ್ಚು ಕಂಡಿದ್ದೇನೆ. ಗುತ್ತಿಗೆದಾರರನ್ನು ಎರಡನೆಯ ಸ್ಥಾನಕ್ಕೆ ಇಳಿಸಿದ್ದೇನೆ ಎಂದರೆ ಏಡಿಯ ಪ್ರತಾಪ ಎಂಥದ್ದೆಂದು ನೀವೇ ತಿಳಿದುಕೊಳ್ಳಿ.

ನಾನು ಕೆಲಸಕ್ಕೆ ಸೇರಿದ್ದು ಈ ಶತಮಾನ ಆಗಷ್ಟೇ ಕಣ್ಣುಬಿಟ್ಟಿದ್ದ ಕಾಲದಲ್ಲಿ. ಮೋಟಾರು ಗಾಡಿಯ ಹೆಸರನ್ನು ಪತ್ರಿಕೆಯಲ್ಲಿ ಓದಿದ್ದೆವು, ಕಣ್ಣಲ್ಲಿ ಕಂಡಿರಲಿಲ್ಲ. ಸರ್ಕೀಟು ಎಂದರೆ ಎತ್ತಿನ ಗಾಡಿ, ಅದೂ ಸಾಹೇಬರಿಗೆ. ನಮ್ಮಂಥವರಿಗೆ ಎರಡು ಕಾಲು, ಒಂದು ಕೊಡೆ, ಹೆಗಲಿಗೊಂದು ಚೀಲ. ಮಳೆಗಾಲದಲ್ಲಿ ಕೆರೆ ತುಂಬಿದರೆ ಕಾವಲು, ಬೇಸಿಗೆಯಲ್ಲಿ ಕೆರೆ ಬತ್ತಿದರೆ ದುರಸ್ತಿ. ಈ ಸೀಮೆಯಲ್ಲಿ ಕೆರೆ ತುಂಬುವುದು ಅಪರೂಪ. ಹಾಗಾಗಿ ನನ್ನ ನೌಕರಿಯ ಬಹುಪಾಲು ಬೇಸಿಗೆಯಲ್ಲೇ ಕಳೆಯಿತು ಎನ್ನಬಹುದು. ನನ್ನ ಮೈಬಣ್ಣ ನೋಡಿದರೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ಮೊದಲ ಮೇಲಧಿಕಾರಿ ಓವರ್‌ಸಿಯರ್ ರಾಮರಾಯರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಊಟದ ಹೊತ್ತಿಗೆ ಇಳಿಯುತ್ತಿತ್ತು. ಅವರ ಕೈಯಲ್ಲಿ ಸದಾ ಒಂದು ಸಣ್ಣ ಹಾರೆ. ಏರಿಯ ನೀರ ಕಡೆಯ ಕಲ್ಲುಕಟ್ಟಡವನ್ನು ಅದರಿಂದ ಕುಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋಗುತ್ತಿದ್ದರು. ಸದ್ದು ಗಟ್ಟಿಯಾಗಿದ್ದರೆ "ಹೂಂ" ಎನ್ನುವರು. ಟೊಳ್ಳು ಸದ್ದು ಬಂದರೆ ನನ್ನ ಕಡೆ ತಿರುಗಿ, ಒಳಗಿನ ಮಣ್ಣನ್ನು ನಾನೇ ತಿಂದು ಹಾಕಿದವನಂತೆ ದುರುಗುಟ್ಟಿ ನೋಡುವರು. ಅವರ ಜೊತೆ ನಡೆದೇ ನನಗೆ ಏರಿಯ ಭಾಷೆ ಬಂತು. ಈಗಿನ ಹುಡುಗರು ಅಳತೆಯ ಯಂತ್ರ ಹೂಡಿ ದೂರದಿಂದ ನೋಡುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಕುಟ್ಟಿ ನೋಡುವುದನ್ನು ಬಿಡಬಾರದು.

ಆ ಕಾಲದಲ್ಲಿ ನಮಗೆಲ್ಲ ಒಂದು ನಂಬಿಕೆ ಇತ್ತು. ಊರವರಿಗೂ ಇತ್ತು, ರಾಮರಾಯರಿಗೂ ಇತ್ತು, ಓದಿ ಬಂದ ನನಗೂ ಇತ್ತು. ಬೇಸಿಗೆಯ ಬಿಸಿಲಿಗೆ ಕೆರೆಯ ಏಡಿಗಳೆಲ್ಲ ಸತ್ತುಹೋಗುತ್ತವೆ, ಮುಂಗಾರು ಮಳೆಯ ಜೊತೆ ಹೊಸ ಏಡಿಗಳು ಮೋಡದಿಂದ ಬೀಳುತ್ತವೆ ಎಂಬುದು ಆ ನಂಬಿಕೆ. ನಗಬೇಡಿ. ವೈಶಾಖದಲ್ಲಿ ನಮ್ಮ ಕೆರೆಯ ಅಂಗಳ ನೋಡಿದವರು ಬೇರೇನು ತಾನೇ ನಂಬಿಯಾರು? ನೆಲ ಬಿರಿದು ಬಾಯಿ ಬಿಟ್ಟಿರುತ್ತದೆ, ಒಂದು ಹುಳದ ಸುಳಿವೂ ಇರುವುದಿಲ್ಲ. ಮೊದಲ ಮಳೆ ಬಿದ್ದ ಮರುದಿನ ನೋಡಿದರೆ ಅಂಗಳದ ತುಂಬ ಏಡಿ. ಆಕಾಶದಿಂದಲ್ಲದೆ ಇನ್ನೆಲ್ಲಿಂದ ಬರಬೇಕು?

ಈ ನಂಬಿಕೆಯ ಮೇಲೆಯೇ ನಮ್ಮ ದುರಸ್ತಿಯ ಕ್ರಮವೂ ನಿಂತಿತ್ತು. ಬೇಸಿಗೆ ಬಂತೆಂದರೆ ಏರಿಯಲ್ಲಿ ಕಂಡ ಏಡಿಬಿಲಗಳ ಬಾಯಿಗೆಲ್ಲ ಸುಣ್ಣ, ಗರಸು ತುಂಬಿ ಕಲ್ಲು ಬಡಿಯುವುದು. ಮೊಳಕಾಲ್ಮೂರು ಕಡೆಯ ಒಂದು ಸಣ್ಣ ಕೆರೆಯಲ್ಲಿ ಹೀಗೆ ಬಹಳ ಚೊಕ್ಕವಾಗಿ ಮಾಡಿಸಿದೆವು. ಗುತ್ತಿಗೆದಾರ ಸುಬ್ಬಯ್ಯ ಗಡಿಯಾಚೆಯವನು, ಅರ್ಧ ತೆಲುಗು ಅರ್ಧ ಕನ್ನಡದ ಮನುಷ್ಯ. ಕೆಲಸ ಮುಗಿದ ದಿನ ಏರಿಯ ಮೇಲೆ ನಿಂತು ಮೀಸೆ ತಿರುವಿದ. ಮಳೆಗಾಲ ಬಂತು, ಕೆರೆಗೆ ಸೊಂಟದಷ್ಟು ನೀರು ಬಂತು, ಏರಿ ಸೋರತೊಡಗಿತು. ಸೋರಿದ್ದು ನಾವು ಮುಚ್ಚಿದ ಜಾಗಗಳಲ್ಲಿ ಅಲ್ಲ, ಅವುಗಳ ಪಕ್ಕದಲ್ಲಿ.

"ಏನಯ್ಯಾ ಇದು ಸುಬ್ಬಯ್ಯ, ಮುಚ್ಚಿದ್ದು ಇಲ್ಲಿ, ಸೋರೋದು ಅಲ್ಲಿ!" ಎಂದು ರಾಮರಾಯರು ಕೊಡೆಯನ್ನು ನೆಲಕ್ಕೆ ಬಡಿದರು.

"ಏಮಿ ಸಾಮಿ ಮಾಡ್ಲಿ? ನಾನು ಮುಚ್ಚಿದ್ದು ನೋಡ್ರಿ, ಒಂದು ತೊಟ್ಟು ಬರ್ತೈತಾ? ಪಕ್ಕದ್ದು ನನ್ನ ಗುತ್ತಿಗೆಯಾಗೆ ಇಲ್ಲ" ಎಂದ ಸುಬ್ಬಯ್ಯ.

ಸುಣ್ಣ ಸರಿಯಿಲ್ಲ ಎಂದು ರಾಯರು, ಸುಣ್ಣ ಬೆಣ್ಣೆಯಂಥದ್ದು ಎಂದು ಸುಬ್ಬಯ್ಯ, ಇಡೀ ಮಳೆಗಾಲ ಜಗಳವಾಡಿದರು. ಬಿಲದೊಳಗೆ ಜೀವವಿತ್ತು, ಬಾಯಿ ಮುಚ್ಚಿದ್ದರಿಂದ ಅದು ಬೇರೆ ದಾರಿ ತೋಡಿಕೊಂಡು ಹೊರಬಂತು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸತ್ತ ಏಡಿ ತೋಡುವುದುಂಟೇ?

ಇದಾದ ಮೇಲೆ ರಾಮರಾಯರಿಗೆ ಬೇರೆ ಕಡೆಗೆ ವರ್ಗವಾಯಿತು. ನಮಗೆ ಹೊಸ ಇಂಜಿನಿಯರು ಬಂದರು. ಸದಾಶಿವರಾಯರು ಎಂದು ಹೆಸರು, ಮಂಗಳೂರು ಕಡಲ ದಂಡೆಯವರು. ನಮ್ಮ ಬಿಸಿಲಿಗೆ ಅವರ ಮುಖ ಟೊಮ್ಯಾಟೊ ಬಣ್ಣಕ್ಕೆ ತಿರುಗುತ್ತಿತ್ತು. ಮಾತು ಮೆಲ್ಲಗೆ. ಜೇಬಿನಲ್ಲಿ ಒಂದು ಶಾಖಮಾಪಕ ಇಟ್ಟುಕೊಂಡು ಓಡಾಡುವರು, ಕಂಡ ಕಂಡಲ್ಲಿ ಅದನ್ನು ಚುಚ್ಚಿ ನೋಡುವರು. ಇವರಿಗೆ ಜ್ವರದ ಚಿಂತೆ ಇರಬೇಕು ಎಂದು ನಮ್ಮ ಜವಾನರು ಗುಸುಗುಸು ಮಾತಾಡಿಕೊಂಡರು.

ಅವರ ಮೊದಲ ಬೇಸಿಗೆಯ ಸರ್ಕೀಟಿನಲ್ಲಿ ಪರಶುರಾಂಪುರದಾಚೆಯ ಒಂದು ಕೆರೆಯ ತಪಾಸಣೆ ಗೊತ್ತಾಯಿತು. ಕೆರೆಯ ಹೆಸರು ಬೇಡ, ಅಲ್ಲಿನವರು ಈಗಲೂ ಇದ್ದಾರೆ. ದೊಡ್ಡ ಏರಿ, ಹಳೆಯ ಏರಿ. ನೋಡಿದವರೆಲ್ಲ ಕಲ್ಲಿನಂತೆ ಗಟ್ಟಿಯಾಗಿದೆ ಎಂದು ಬರೆದುಕೊಟ್ಟು ಹೋಗಿದ್ದರು. ಏರಿಯ ಕೆಳಗಡೆ, ಮೂಡಲ ತಿರುವಿನ ಬಳಿ ಒಂದು ಹಟ್ಟಿ. ಕುರಿ ಸಾಕುವ ಜನ, ಸುತ್ತ ಮುಳ್ಳಿನ ಬೇಲಿ. ಕೆರೆಯ ನೀರಗಂಟಿ ಕಾಟಯ್ಯ ಆ ಹಟ್ಟಿಯವನು, ಹಟ್ಟಿಗೆ ಯಜಮಾನನೂ ಅವನೇ. ಮಿತಭಾಷಿ. ತೂಬು ಎತ್ತು ಎಂದರೆ ಎತ್ತುವನು, ಇಳಿಸು ಎಂದರೆ ಇಳಿಸುವನು, ಎರಡಕ್ಕೂ ಒಂದೇ ಮುಖ.

ದೊಡ್ಡವರ ಸವಾರಿ ಬರುವ ದಾರಿಗೆ ನೀರು ಹೊಡೆಯುವುದು ನಮ್ಮ ಸೀಮೆಯ ಮರ್ಯಾದೆ. ಕುಡಿಯಲು ನೀರಿಲ್ಲದಿದ್ದರೂ ಧೂಳಿಗೆ ಮಾತ್ರ ನೀರು ಸಿಗುತ್ತಿತ್ತು. ಈ ಪದ್ಧತಿ ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು, ಆದರೆ ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರಿಗೆ ಹೇಳುವ ಹಾಗಿರಲಿಲ್ಲ. ಅವರು ಬೆಳಗಾಗುವ ಮೊದಲೇ ಕೋಣಗಳ ಮೇಲೆ ತೊಗಲಿನ ಪಖಾಲಿ ಹೇರಿಸಿ, ಕೆರೆಯ ತಳದ ಗುಂಡಿಯಲ್ಲಿ ಉಳಿದಿದ್ದ ನೀರಿನಲ್ಲಿ ಅರ್ಧಕ್ಕರ್ಧ ತರಿಸಿ ಏರಿಯುದ್ದಕ್ಕೂ ಚೆಲ್ಲಿಸಿದರು. ಚಪ್ಪರ ಹಾಕಿದ್ದು ಮೂಡಲ ತಿರುವಿನಲ್ಲಿ, ಹಾಗಾಗಿ ಅಲ್ಲಿಗೆ ಧಾರಾಳವಾಗಿ ಸುರಿಸಿದರು. ಸಾಲದ್ದಕ್ಕೆ ತಮಟೆಯವರು. ಸಾಹೇಬರ ಗಾಡಿ ಏರಿ ಹತ್ತುತ್ತಿದ್ದ ಹಾಗೆ ತಮಟೆಗಳು ಒಟ್ಟಿಗೆ ಎದ್ದವು, ನೆಲ ಅದುರಿತು.

ಹಾರ ಹಾಕಿಸಿಕೊಂಡು ಸದಾಶಿವರಾಯರು ಕುರ್ಚಿಯಲ್ಲಿ ಕೂತರು. ಅಮಲ್ದಾರರು ಏರಿಯ ಗಟ್ಟಿತನವನ್ನು ಬಣ್ಣಿಸತೊಡಗಿದರು. ಅಷ್ಟರಲ್ಲಿ ಅವರ ಜೋಡಿನ ಹತ್ತಿರ ಏನೋ ಸರಿದಾಡಿತು.

"ಥೂ, ಏಡಿ!" ಎಂದು ಕಾಲು ಝಾಡಿಸಿದರು.

ಜವಾನ ಅದನ್ನು ಗುಡಿಸಿ ಆಚೆ ಹಾಕಿದ. ಇನ್ನೊಂದು ಬಂತು. ಕಲ್ಲಿನ ಸಂದಿಯಲ್ಲಿ ಒಣಗಿದ ಮಣ್ಣಿನ ಬಿರಡೆಯೊಂದು ಒಳಗಿನಿಂದ ನೂಕಿದಂತೆ ಎದ್ದು ಬಿತ್ತು, ಅದರ ಹಿಂದೆ ಒಂದು ಕೊಂಡಿ, ಆಮೇಲೆ ಏಡಿಯ ಪೂರ್ತಿ ಮೈ. ನೋಡನೋಡುತ್ತಿದ್ದಂತೆ ತಿರುವಿನುದ್ದಕ್ಕೂ ಬಿರಡೆಗಳು ಬಿದ್ದವು, ಏಡಿಗಳು ಎದ್ದವು. ತಮಟೆಯವರು ಬಾರಿಸುವುದನ್ನು ನಿಲ್ಲಿಸಿ ಕಾಲೆತ್ತಿ ನಿಂತರು. ಊರವರಲ್ಲಿ ಒಬ್ಬ ಕೈಮುಗಿದ. ಕಾಟಯ್ಯ ತಲೆಯೆತ್ತಿ ಆಕಾಶ ನೋಡಿದ. ಮೋಡದ ಚೂರೂ ಇರಲಿಲ್ಲ.

"ಮಳೆ ಬಿದ್ದಿಲ್ಲ ಬುದ್ಧಿ, ಇವೆಲ್ಲಿಂದ ಬಿದ್ವು?" ಎಂದು ನನ್ನನ್ನು ಕೇಳಿದ.

"ಎಲ್ಲಿಂದಲೂ ಬೀಳಲಿಲ್ಲ ಮಾರಾಯ. ಒಳಗೇ ಇದ್ದವು. ನೀವು ನೀರು ಹೊಡೆದಿರಿ, ತಮಟೆ ಬಡಿದಿರಿ. ಗುಡುಗು ಮಳೆ ಬಂತು ಅಂತ ಎದ್ದು ಬಂದಿವೆ, ಪಾಪ" ಎಂದರು ಸದಾಶಿವರಾಯರು.

ಅಮಲ್ದಾರರ ಮುಖ ಬಿಳಿಚಿಕೊಂಡಿತು. ಏಡಿಗಳನ್ನೆಲ್ಲ ಗುಡಿಸಿಹಾಕಲು ಕೂಗಿದರು. ಸದಾಶಿವರಾಯರು ಕೈಯೆತ್ತಿ ತಡೆದು, ಕುರ್ಚಿಯನ್ನು ತಾವೇ ಚಪ್ಪರದ ಅಂಚಿಗೆ ಎಳೆದುಕೊಂಡು, ಹಾರವನ್ನೂ ತೆಗೆಯದೆ ನೋಡುತ್ತ ಕೂತರು. ತಪಾಸಣೆಗೆ ಬಂದ ಸಾಹೇಬರು ಏಡಿ ನೋಡುತ್ತ ಕೂತದ್ದು ನಮ್ಮ ತಾಲ್ಲೂಕಿನಲ್ಲಿ ಬಹಳ ಕಾಲ ತಮಾಷೆಯ ಮಾತಾಗಿತ್ತು. ಆದರೆ ಆ ಹೊತ್ತು ಅವರ ಪಕ್ಕ ಕೂತು ನೋಡಿದ್ದು ನನ್ನ ಕೆಲಸವನ್ನೇ ಬದಲಾಯಿಸಿತು.

ಚೆಲ್ಲಿದ ನೀರು ಬೇಗ ಆರಿತು. ಬಿಸಿಲೇರಿ ಗರಸು ಕಾದಿತು. ಹೊರಬಂದ ಏಡಿಗಳಿಗೆ ತಾವು ಮೋಸಹೋದದ್ದು ತಿಳಿಯಿತೋ ಏನೋ, ಮೊದಲು ಸುಮ್ಮನೆ ನಿಂತವು. ನೆಲ ಸುಡತೊಡಗಿದಾಗ ಕಾಲುಗಳ ತುದಿಯ ಮೇಲೆ ಎದ್ದು ಹೊಟ್ಟೆಯನ್ನು ನೆಲದಿಂದ ಮೇಲೆ ಹಿಡಿದವು. ಕೆಲವು ಬಾಯಲ್ಲಿ ನೊರೆ ತಂದವು. ನಾನು ಸಾಯುತ್ತಿವೆ ಎಂದುಕೊಂಡೆ.

"ಸಾಯುವುದಲ್ಲ, ಮೈ ತಂಪು ಮಾಡಿಕೊಳ್ಳುವುದು. ಕಿವಿರಿನ ಬಳಿ ಒಂದಿಷ್ಟು ನೀರು ಉಳಿಸಿಕೊಂಡಿರ್ತವೆ, ಅದನ್ನೇ ನೊರೆ ಮಾಡಿ ಗಾಳಿಗೆ ಒಡ್ಡುತ್ತವೆ" ಎಂದರು ಅವರು. "ನಮ್ಮ ಕಡಲ ಬದಿಯಲ್ಲಿ ದಿನಾ ಇದೇ ಆಟ ಉಂಟು. ಇಳಿತದ ಹೊತ್ತಿಗೆ ನೀರು ಅಷ್ಟು ದೂರ ಹೋಗ್ತದೆ. ಏಡಿಗಳು ಬಂಡೆ ಮೇಲೆಯೇ ಉಳಿಯುತ್ತವೆ. ಬಂಡೆ ಕಾದ ಹೆಂಚು. ಕೆಲವು ಸಂದಿಗೆ ಹೋಗ್ತವೆ, ಕೆಲವು ಒದ್ದೆ ಮರಳಿನೊಳಗೆ. ಜಾಗ ಸಿಗದವು ಹೀಗೇ ಕಾಲ ತುದಿಯಲ್ಲಿ ನಿಲ್ಲುತ್ತವೆ. ಸ್ವಲ್ಪ ಹೊತ್ತು ಅಷ್ಟೆ. ಭರತ ಬಂತು ಅಂದರೆ ಕಡಲೇ ಬಂದು ಕರಕೊಂಡು ಹೋಗ್ತದೆ."

ಆಮೇಲೆ ಒಣಗಿದ ಕೆರೆಯನ್ನು ನೋಡಿ ಅಂದರು: "ಇಲ್ಲಿ ಕಡಲು ಬರಬೇಕಾದರೆ ವರ್ಷ ಕಾಯಬೇಕಲ್ಲ ಮಾರಾಯರೇ. ಅಷ್ಟು ದಿನ ಇವು ಬದುಕಬೇಕಾದರೆ ಈ ಏರಿಯ ಒಳಗೆ ಎಲ್ಲಿಯೋ ನೀರು ಉಂಟು."

ಮಾತು ಮುಗಿಯುವ ಮೊದಲೇ ಏಡಿಗಳು ಒಂದೊಂದಾಗಿ ಚಪ್ಪರದ ನೆರಳಿಗೆ, ಅವರ ಕುರ್ಚಿಯಡಿಗೆ, ಆಮೇಲೆ ತಮ್ಮ ತಮ್ಮ ಬಿಲಗಳಿಗೆ ಇಳಿದವು. ಸದಾಶಿವರಾಯರು ಎದ್ದು ಶಾಖಮಾಪಕವನ್ನು ದಾರಕ್ಕೆ ಕಟ್ಟಿ ಒಂದು ಬಿಲದೊಳಗೆ ಇಳಿಬಿಟ್ಟರು. ಏರಿಯ ಗರಸಿನ ಮೇಲೆ ನೆತ್ತಿಗೇರಿದ್ದ ಪಾದರಸ ಬಿಲದಿಂದ ತೆಗೆದಾಗ ಬಾವಿಗೆ ಇಳಿದು ಬಂದಂತೆ ಕೆಳಗಿತ್ತು. ಇನ್ನೊಂದು ಬಿಲದಲ್ಲಿ ಅಷ್ಟು ಇಳಿಯಲಿಲ್ಲ. ಅದು ನೀರಿನವರೆಗೆ ಹೋಗದ ಮೊಂಡು ಬಿಲ, ಅದರಿಂದ ಅಪಾಯವಿಲ್ಲ ಎಂದರು. ತಣ್ಣಗಿದ್ದವುಗಳಿಗೆ ಸುಣ್ಣದ ಗುರುತು ಹಾಕಿಸಿದರು. ಗುರುತುಗಳೆಲ್ಲ ತಿರುವಿನಲ್ಲೇ ಒತ್ತಾಗಿ ಬಿದ್ದವು.

ಅಲ್ಲಿಂದ ಏರಿಯ ಹಿಂಬದಿಗೆ ಇಳಿದೆವು. ಸುತ್ತೆಲ್ಲ ಸುಟ್ಟ ನೆಲ, ತಿರುವಿನ ಕೆಳಗೆ ಮಾತ್ರ ಒಂದಿಷ್ಟು ಹಸಿರು ಹುಲ್ಲು, ಒಂದು ಹೊಂಗೆ ಮರ. ಮರದಡಿ ಒಂದು ಪುಟ್ಟ ಗುಡಿಸಲು. ಕಾಟಯ್ಯನ ಕಿರಿಯ ಮಗಳು ಸಣ್ಣಕ್ಕ ಅಲ್ಲಿ ಬಾಣಂತಿ. ಆ ಹಟ್ಟಿಯವರ ಪದ್ಧತಿಯಂತೆ ಹೆತ್ತವಳು ಕೂಸಿನೊಡನೆ ಹಟ್ಟಿಯ ಹೊರಗೆ ಇರಬೇಕು, ಸೂತಕದ ದಿನ ತುಂಬುವ ತನಕ ಬೇಲಿಯೊಳಗೆ ಕಾಲಿಡುವಂತಿಲ್ಲ. ಅವಳ ತಾಯಿ ಮುದ್ದೆ, ಸಾರು ತಂದು ದೂರದಲ್ಲಿಟ್ಟು ಹೋಗುತ್ತಿದ್ದಳು.

ಸದಾಶಿವರಾಯರು ಮರದ ಆಚೆಗೇ ನಿಂತು ಕೇಳಿದರು: "ತಾಯೀ, ಕೂಸು ಹೇಗೆ ಉಂಟು?"

"ಚೆನ್ನಾಗೈತೆ ಸ್ವಾಮಿ. ನೆಲ ತಣ್ಣಗೈತೆ, ಕಂಬಳಿ ಹಾಸಿ ಮಲಗಿಸಿದ್ರೆ ಅಳೋದೇ ಇಲ್ಲ" ಎಂದು ಒಳಗಿನಿಂದ ದನಿ ಬಂತು.

ಅವರು ಬಗ್ಗಿ ಹುಲ್ಲಿನಡಿಯ ಮಣ್ಣಿಗೆ ಶಾಖಮಾಪಕ ಚುಚ್ಚಿದರು. ತೆಗೆದು ನನಗೆ ತೋರಿಸಿದರು. ತಣ್ಣನೆಯ ಬಿಲಗಳಲ್ಲಿ ನಿಂತ ಗೆರೆಯಲ್ಲೇ ಪಾದರಸ ನಿಂತಿತ್ತು. ಕೆರೆಯ ತಳದ ಗುಂಡಿಯ ನೀರು ಏಡಿಯ ದಾರಿ ಹಿಡಿದು ಏರಿಯ ಒಳಗಿಂದ ಇಲ್ಲಿಯವರೆಗೆ ಜಿನುಗುತ್ತಿತ್ತು. ಏಡಿಗಳನ್ನು ಕಾಪಾಡಿದ ತಂಪೂ ಆ ಕೂಸನ್ನು ಮಲಗಿಸುತ್ತಿದ್ದ ತಂಪೂ ಒಂದೇ. ಕೆರೆ ಒಮ್ಮೆ ತುಂಬಿದರೆ ಏರಿ ಒಡೆಯುವುದು ಇಲ್ಲೇ, ನೀರು ನುಗ್ಗುವುದು ಹಟ್ಟಿಯ ಮೇಲೆಯೇ.

ತಿರುವನ್ನು ಮಳೆಗೆ ಮೊದಲು ಅಗೆದು ಹೊಸದಾಗಿ ಕಟ್ಟಬೇಕು, ಅದಕ್ಕೆ ಮುಂಚೆ ಗುಡಿಸಲು ತೆಗೆಯಬೇಕು ಎಂದು ಸದಾಶಿವರಾಯರು ಹೇಳಿದರು. ಕಾಟಯ್ಯ ಎಂದೂ ಇಲ್ಲದವನು ಅವತ್ತು ಬಾಯಿಬಿಟ್ಟ.

"ಏರಿ ಅಗೀರಿ ಬುದ್ಧಿ, ಬ್ಯಾಡ ಅನ್ನಲ್ಲ. ಗುಡ್ಲು ಎಲ್ಲಿಗ್ ಒಯ್ಲಿ? ಹಟ್ಟಿ ಒಳಕ್ಕೆ ಬರಂಗಿಲ್ಲ. ಹೋದ ವರ್ಷ ನನ್ನ ದೊಡ್ಡ ಮಗಳಿಗೆ ಬಯಲಾಗೆ ಗುಡ್ಲು ಹಾಕಿಸಿದ್ದೆ. ಇಂಥದ್ದೇ ಬಿಸಿಲು. ಕೂಸು ಉಳಿಲಿಲ್ಲ. ಅದಕ್ಕೇ ಇವಳನ್ನ ಈ ತಂಪಾಗೆ ಇಟ್ಟೀನಿ."

"ಏಯ್, ಸಾಹೇಬರ ಮುಂದೆ ಎದುರು ಮಾತಾಡ್ತೀಯಾ? ಇವತ್ತೇ ಕೀಳಿಸಿ ಹಾಕ್ತೀನಿ" ಎಂದರು ಅಮಲ್ದಾರರು.

"ಅಮಲ್ದಾರರೇ, ನೀವು ಸ್ವಲ್ಪ ನೆರಳಲ್ಲಿ ಕೂತುಕೊಳ್ಳಿ" ಎಂದರು ಸದಾಶಿವರಾಯರು. ಅಷ್ಟು ಮೆಲ್ಲಗೆ ಹೇಳಿದ ಮಾತಿಗೆ ಅಮಲ್ದಾರರು ಅಷ್ಟು ಬೇಗ ಕೂತದ್ದನ್ನು ನಾನು ಮತ್ತೆ ನೋಡಲಿಲ್ಲ.

ಹಟ್ಟಿಯೊಳಗೇ ಕರೆದುಕೊಳ್ಳಲು ಆಗುವುದಿಲ್ಲವೇ ಎಂದು ಅವರು ಕಾಟಯ್ಯನನ್ನು ಕೇಳಿದರು. ಅವನು ತಲೆಯಲ್ಲಾಡಿಸಿದ. ಕುರಿಗೆ ರೋಗ ಬಂದರೂ ಅದರಿಂದಲೇ ಎನ್ನುತ್ತಾರೆ, ಯಾರಿಗೆ ಜ್ವರ ಬಂದರೂ ಅದರಿಂದಲೇ ಎನ್ನುತ್ತಾರೆ, ಯಜಮಾನನೇ ಕಟ್ಟು ಮುರಿದರೆ ಹಟ್ಟಿ ನಿಲ್ಲುವುದಿಲ್ಲ ಎಂದ. ಅಷ್ಟರಲ್ಲಿ ಗುಡಿಸಲಿನಿಂದ ಸಣ್ಣಕ್ಕನ ದನಿ ಕೇಳಿತು.

"ಅಪ್ಪ, ಬಯಲಾಗೇ ಹಾಕ್ರಿ. ನೆಲ ತೋಡಿ ಕೊಡ್ರಿ, ಒಳಗಿರ್ತೀನಿ. ಏಡಿ ಇರಲ್ವಾ?"

ಸದಾಶಿವರಾಯರು ನಕ್ಕುಬಿಟ್ಟರು. ಏರಿಗೆಂದು ಕರೆಸಿದ್ದ ಮಣ್ಣು ಕೆಲಸದವರು ಮೊದಲು ಗುದ್ದಲಿ ಹಾಕಿದ್ದು ಅವಳು ಕೇಳಿದ ಗುಂಡಿಗೆ. ಹಟ್ಟಿಯ ಬೇಲಿಯಿಂದ ಅನತಿ ದೂರದ ಇಳಿಜಾರಿನಲ್ಲಿ, ನಿಂತರೆ ತಲೆ ಕಾಣದಷ್ಟು ಆಳಕ್ಕೆ ತೋಡಿದರು. ಮೇಲೆ ಗಳ ಹಾಸಿ, ತಂಗಡಿ ಸೊಪ್ಪು ಹೊದಿಸಿ, ದಪ್ಪಗೆ ಮಣ್ಣು ಮೆತ್ತಿ, ಬಡಗಣಕ್ಕೆ ಮಾತ್ರ ಒಂದು ಕಿರಿದಾದ ಬಾಗಿಲು ಬಿಟ್ಟರು. ಸದಾಶಿವರಾಯರು ಶಾಖಮಾಪಕ ಇಳಿಸಿ ನೋಡಿ ತಲೆದೂಗಿದರು. ಹೊಂಗೆ ಮರದಡಿಯಷ್ಟು ತಂಪಿಲ್ಲ, ಆದರೆ ಕೂಸು ತಡೆದುಕೊಳ್ಳುತ್ತದೆ ಎಂದು ಹೇಳಿ ಮುಂದಿನ ಸರ್ಕೀಟಿಗೆ ಹೋದರು. ಏರಿಯ ಕೆಲಸ ನನ್ನ ಪಾಲಿಗೆ ಬಿತ್ತು.

ಇಲ್ಲಿ ಹುಡುಗರಿಗೆ ಒಂದು ಮಾತು. ಏಡಿಬಿಲವನ್ನು ಮುಚ್ಚುವ ಮೊದಲು ಏಡಿಯನ್ನು ಹೊರಗೆ ಕರೆಯಬೇಕು. ಕರೆಯುವ ಉಪಾಯವನ್ನು ಅಮಲ್ದಾರರೇ ಕಲಿಸಿಕೊಟ್ಟಿದ್ದರು: ನೀರು ಹೊಯ್ಯುವುದು, ಪಕ್ಕದಲ್ಲಿ ನೆಲ ಕುಟ್ಟುವುದು. ಕಾಟಯ್ಯ ಕೊಡದಿಂದ ನೀರು ಹನಿಸುತ್ತಿದ್ದ, ಎದ್ದು ಬಂದವನ್ನು ಬುಟ್ಟಿಗೆ ಹಾಕಿ ಒದ್ದೆ ಗೋಣಿ ಮುಚ್ಚಿ ಕೆರೆಯ ತಳದ ಗುಂಡಿಗೆ ಬಿಟ್ಟು ಬರುತ್ತಿದ್ದ. ಆಮೇಲೆ ಬಿಲದ ಜಾಡು ಹಿಡಿದು ಅಗೆಯಬೇಕು, ಜಾಡು ಮುಗಿಯುವ ತನಕ ಬಿಡಬಾರದು. ಜೇಡಿಮಣ್ಣನ್ನು ತೆಳ್ಳಗೆ ಹರಡಿ, ನೀರು ಹನಿಸಿ, ದಮ್ಮಸು ಹಾಕಿ ಬಡಿದು ಗಟ್ಟಿಮಾಡಿ, ಅದರ ಮೇಲೆ ಇನ್ನೊಂದು ಪದರ. ಅವಸರದವರಿಗೆ ಇದು ಹೇಳಿದ ಕೆಲಸವಲ್ಲ. ನಾನು ಮುಂದೆ ನೌಕರಿ ಇರುವವರೆಗೂ ಬೇಸಿಗೆಯಲ್ಲಿ ಶಾಖಮಾಪಕ ಹಿಡಿದೇ ಏರಿ ಸುತ್ತಿದೆ. ಜವಾನರು ನನಗೂ ಜ್ವರದ ಚಿಂತೆ ಅಂಟಿತು ಎಂದರು.

ತಿರುವನ್ನು ಅಗೆದಾಗ ಒಳಗೆ ಕಂಡದ್ದನ್ನು ನೆನೆದರೆ ಈಗಲೂ ಭಯವಾಗುತ್ತದೆ. ಬಿಲಕ್ಕೆ ಬಿಲ ಕೂಡಿ, ಮಣ್ಣು ಕರಗಿ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಪೊಳ್ಳು. ಅದರ ಹಿಂಬದಿಗೆ ಉಳಿದಿದ್ದದ್ದು ಗೇಣು ದಪ್ಪದ ಮಣ್ಣಿನ ಗೋಡೆ. ಕಾಟಯ್ಯ ಪೊಳ್ಳಿನೊಳಗೆ ಕೈಯಿಟ್ಟು ನೋಡಿ, ಹೊರಗೆ ಬಂದು ಹಟ್ಟಿಯ ಕಡೆ ಮುಖಮಾಡಿ ಬಹಳ ಹೊತ್ತು ಕೂತ. ಆ ದಿನ ಅವನು ಉಣ್ಣಲಿಲ್ಲ.

ಏರಿ ಗಟ್ಟಿಯಾಗುತ್ತ ಬಂದ ಹಾಗೆ ಹೊಂಗೆ ಮರದಡಿಯ ಹುಲ್ಲು ಹಳದಿಯಾಯಿತು. ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ, ಆದರೂ ನೋಡಿದಾಗ ಸಂಕಟವಾಗುತ್ತಿತ್ತು. ಗುಂಡಿಯ ಮನೆಯಲ್ಲಿ ತಾಯಿ, ಕೂಸು ಇಬ್ಬರೂ ಬಿಸಿಲನ್ನು ಗೆದ್ದರು. ನಡುಹಗಲಿನಲ್ಲಿ ಕೆಲಸದವರೇ ಸೋತು ಮಲಗಿದಾಗ, ನೆಲದೊಳಗಿನಿಂದ ಸಣ್ಣಕ್ಕ ಕೂಸಿಗೆ ಹಾಡುವುದು ಕೇಳುತ್ತಿತ್ತು. ಕಾಟಯ್ಯ ಕೆಲಸದ ನಡುವೆ ಹೋಗಿ ಬಾಗಿಲ ಆಚೆ ನಿಂತು "ಹೆಂಗೈತವ್ವ?" ಎನ್ನುವನು. "ಐತಪ್ಪ" ಎನ್ನುವಳು. ಅಷ್ಟಕ್ಕೆ ಅವನ ಮುಖ ಅರಳುತ್ತಿತ್ತು.

ನಾವೆಲ್ಲ ಒಂದೇ ಸಮನೆ ಮಳೆಗೆ ಹೆದರುತ್ತಿದ್ದೆವು. ಏರಿ ಬಾಯಿ ತೆರೆದಿರುವಾಗ ಬರದಿರಲಿ ಎಂದು ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಿದ್ದೆವು. ಅದೇ ಮಳೆ ಗುಂಡಿಯ ಮೇಲೂ ಬೀಳುತ್ತದೆ ಎಂಬುದು ಇಂಜಿನಿಯರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ, ಕಾಟಯ್ಯನಿಗೂ ಹೊಳೆಯಲಿಲ್ಲ. ಬಿಸಿಲಿಗೆಂದು ಕಟ್ಟಿದ ಮನೆ ಅದು. ಈ ಸೀಮೆಯ ಜನಕ್ಕೆ ಒಂದು ಹೊತ್ತಿಗೆ ಬಿಸಿಲು, ಮಳೆ ಎರಡನ್ನೂ ನೆನೆಯುವ ಅಭ್ಯಾಸ ಇಲ್ಲ.

ತಿರುವಿನ ಕೊನೆಯ ಪದರಕ್ಕೆ ದಮ್ಮಸು ಬೀಳುತ್ತಿದ್ದ ದಿನ ಇಳಿಹೊತ್ತಿನಲ್ಲಿ ಗಾಳಿ ಎದ್ದಿತು. ಕೆಂಧೂಳು ಕಣ್ಣಿಗೆ ಅಡರಿತು, ಹಿಂದೆಯೇ ಗುಡುಗು, ಅದರ ಬೆನ್ನಿಗೇ ಮಳೆ. ಆ ವರ್ಷದ ಮೊದಲ ಮಳೆ, ಬಿಂದಿಗೆ ಬೋರಲು ಹಾಕಿದಂತೆ ಸುರಿಯಿತು. ಹೊಸ ಮಣ್ಣು ಕೊಚ್ಚಿಹೋಗದಂತೆ ಈಚಲು ಚಾಪೆ, ಗೋಣಿ, ನಮ್ಮ ಹೊದಿಕೆ, ಸ್ವಂತ ಪಂಚೆಗಳನ್ನೆಲ್ಲ ಹಾಸಿದೆವು. ಕಾಟಯ್ಯ ಸಲಿಕೆ ಹಿಡಿದು ಏರಿಯ ಮೇಲೆ ಓಡಾಡುತ್ತ ನೀರಿಗೆ ದಾರಿ ಬಿಡಿಸುತ್ತಿದ್ದ. ಮಣ್ಣು ಕದಲಲಿಲ್ಲ. ಖುಷಿಯಿಂದ ನಾನು ಅವನ ಹೆಗಲು ತಟ್ಟಿದೆ. ಅವನು ನನ್ನನ್ನು ನೋಡಲಿಲ್ಲ. ಅವನ ಕಣ್ಣು ಇಳಿಜಾರಿನ ಕಡೆ ಇತ್ತು. ಸುತ್ತಲಿನ ನೆಲದ ಕೆಂಪು ನೀರೆಲ್ಲ ಒಟ್ಟಾಗಿ ಗುಂಡಿಯ ಬಾಗಿಲಿಗೆ ಇಳಿಯುತ್ತಿತ್ತು.

ಸಲಿಕೆ ಬಿಸುಟು ಓಡಿದ. ಆ ಮನುಷ್ಯ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನೂ ಹಿಂದೆ ಓಡಿದೆ. ನಾವು ತಲುಪುವ ಮೊದಲೇ ಸಣ್ಣಕ್ಕ ಹೊರಗೆ ಬಂದಿದ್ದಳು. ಸೊಂಟದವರೆಗೆ ಕೆಸರು. ಕೂಸನ್ನು ಕಂಬಳಿಯಲ್ಲಿ ಸುತ್ತಿ ಎರಡು ಕೈಯಿಂದ ಎತ್ತಿ ಹಿಡಿದಿದ್ದಳು. ಆಲಿಕಲ್ಲು ಬೀಳತೊಡಗಿತ್ತು. ಹೊಂಗೆ ಮರ ದೂರ, ಬಯಲಿನಲ್ಲಿ ಬೇರೆ ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. ಅವಳು ನಡೆದು ಹೋಗಿ ಹಟ್ಟಿಯ ಬೇಲಿಯ ಬಾಗಿಲ ಮುಂದೆ ನಿಂತಳು. ಒಳಗೆ ಬರುತ್ತೇನೆ ಎನ್ನಲಿಲ್ಲ. ಕೂಸಿನ ಮೇಲೆ ಬಗ್ಗಿ, ಬೆನ್ನಿಗೆ ಆಲಿಕಲ್ಲು ಹೊಡೆಸಿಕೊಳ್ಳುತ್ತ ನಿಂತಳು.

ಬೇಲಿಯ ಆಚೆ ಹಟ್ಟಿಯೆಲ್ಲ ಸೇರಿತ್ತು. ಅವಳ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಬಾಗಿಲಿಗೆ ಅಡ್ಡ ಇಟ್ಟಿದ್ದ ಜಾಲಿ ಮುಳ್ಳಿನ ಕೊಂಬೆಯನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಕಾಟಯ್ಯ ಬಂದು ಮಗಳ ಪಕ್ಕ ನಿಂತ.

"ಯಜಮಾನ, ಇನ್ನ ದಿನ ತುಂಬಿಲ್ಲ" ಎಂದ ಒಳಗಿನಿಂದ ಒಬ್ಬ ಮುದುಕ. ಗದರಿಸಿ ಹೇಳಲಿಲ್ಲ, ನೆನಪು ಮಾಡುವವನಂತೆ ಹೇಳಿದ.

"ಗೊತ್ತೈತೆ" ಎಂದ ಕಾಟಯ್ಯ.

ಬರಿಗೈಯಲ್ಲೇ ಮುಳ್ಳಿನ ಕೊಂಬೆ ಹಿಡಿದು ಎಳೆದ. ಅದು ಕೆಸರಿನಲ್ಲಿ ಸಿಕ್ಕಿಕೊಂಡಿತ್ತು, ಮತ್ತೆ ಎಳೆದ. ಕೈಯಿಂದ ರಕ್ತ ಸುರಿಯಿತು. ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತು, ಇಡೀ ಹಟ್ಟಿಗೆ ಕೇಳುವಂತೆ ಕೂಗಿದ:

"ಒಳಗ್ ಬಾರವ್ವ. ಕೂಸಿನ ತಲೆ ನೆನೀತೈತೆ."